ಕಾರಿಗೆ ದಾರಿ ತೋರುವ ಉಪಕರಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರಿನಲ್ಲಿ ಇಟ್ಟುಕೊಳ್ಳುವ ಜಿಪಿಎಸ್ ನ್ಯಾವಿಗೇಟರ್ ಕುರಿತು ಬಂದಿರುವ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿ ಮಾಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಬ್ಯಾಂಕಿನಿಂದ ನಿವೃತ್ತನಾದವನು. ನಮ್ಮ ಕಾರು 2013ರದು, ಅದರಲ್ಲಿ ಪರದೆ ಇಲ್ಲ. ಎರಡು ತಿಂಗಳಿಗೊಮ್ಮೆ ನಾನು ಮತ್ತು ನನ್ನ ಪತ್ನಿ ಸುಬ್ರಹ್ಮಣ್ಯದ ಹತ್ತಿರವಿರುವ ನಮ್ಮ ಊರಿಗೆ ಹೋಗಿಬರುತ್ತೇವೆ. ಘಟ್ಟದಲ್ಲಿ ಮೊಬೈಲ್‌ಗೆ ಸಿಗ್ನಲ್ ಸಿಗುವುದಿಲ್ಲ, ದಾರಿ ನೋಡುತ್ತಿರುವಾಗಲೇ ಯಾರಾದರೂ ಕರೆ ಮಾಡಿದರೆ ನಕ್ಷೆ ಮರೆಯಾಗುತ್ತದೆ. ಪ್ರತ್ಯೇಕವಾದ ನ್ಯಾವಿಗೇಟರ್ ಕೊಳ್ಳೋಣವೆಂದರೆ ಮಗ, ‘ಅಪ್ಪಾ, ಅದು ದಂಡ, ಮೊಬೈಲ್ ಸಾಕು’ ಎನ್ನುತ್ತಾನೆ. ಯಾವ ಕಂಪನಿಯದು, ಎಷ್ಟು ಇಂಚಿನದು ಕೊಳ್ಳಬೇಕು? — ಓದುಗರು, ಬಸವನಗುಡಿ

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ನಿಜವಿದೆ, ನಿಮ್ಮ ಅನುಭವದಲ್ಲಿಯೂ ಅರ್ಧ ನಿಜವಿದೆ. ಕಂಪನಿ ಮತ್ತು ಇಂಚಿನ ಮಾತಿಗೆ ಮೊದಲು ಒಂದು ಸಂಗತಿಯನ್ನು ಬಿಡಿಸಿಕೊಳ್ಳಬೇಕು. ಮೊಬೈಲ್ ಸಿಗ್ನಲ್ ಬೇರೆ, ಉಪಗ್ರಹದ ಸಂಕೇತ ಬೇರೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತ ಸಂಕೇತವನ್ನು ಕಳುಹಿಸುತ್ತಲೇ ಇರುತ್ತವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಕ್ಕಿದರೆ ನಿಮ್ಮ ಉಪಕರಣ ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ, ಅದಕ್ಕೆ ಸಿಮ್ ಬೇಕಿಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಶಿರಾಡಿ ಘಟ್ಟದಲ್ಲಿ ನಿಮ್ಮ ಮೊಬೈಲ್ ಕಳೆದುಕೊಳ್ಳುವುದು ಉಪಗ್ರಹವನ್ನಲ್ಲ, ನಕ್ಷೆಯನ್ನು; ಏಕೆಂದರೆ ಮೊಬೈಲ್ ಸಾಮಾನ್ಯವಾಗಿ ನಕ್ಷೆಯನ್ನು ಆಗಿಂದಾಗ್ಗೆ ಅಂತರ್ಜಾಲದಿಂದ ತರಿಸಿಕೊಳ್ಳುತ್ತಿರುತ್ತದೆ. ಮನೆಯಲ್ಲಿ ವೈಫೈ ಇರುವಾಗಲೇ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯದವರೆಗಿನ ನಕ್ಷೆಯನ್ನು ಮೊಬೈಲ್‌ಗೆ ಇಳಿಸಿಕೊಂಡರೆ ಘಟ್ಟದಲ್ಲಿಯೂ ಅದು ದಾರಿ ಹೇಳುತ್ತದೆ. ಮುಂದಿನ ಪ್ರಯಾಣದಲ್ಲಿ ಒಮ್ಮೆ ಹಾಗೆ ಮಾಡಿ ನೋಡಿ, ಆಮೇಲೆ ಹಣ ಖರ್ಚು ಮಾಡುವ ವಿಚಾರ.

ಇಷ್ಟು ಹೇಳಿದ ಮೇಲೂ ಪ್ರತ್ಯೇಕ ಉಪಕರಣ ದಂಡ ಎಂದು ನಾನು ಹೇಳಲಾರೆ. ಆರೇಳು ಗಂಟೆಗಳ ಪ್ರಯಾಣದಲ್ಲಿ ಮೊಬೈಲ್ ಬಿಸಿಲಿಗೆ ಕಾಯುತ್ತದೆ, ಕಾದಾಗ ಪರದೆಯ ಬೆಳಕನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಒಮ್ಮೊಮ್ಮೆ ಚಾರ್ಜ್ ಆಗುವುದನ್ನೂ ನಿಲ್ಲಿಸುತ್ತದೆ. ಕರೆ ಬಂದರೆ ದಾರಿ ಮುಚ್ಚಿಹೋಗುವ ತೊಂದರೆಯನ್ನು ನೀವೇ ಬರೆದಿದ್ದೀರಿ. ಒಂದೇ ಕೆಲಸಕ್ಕೆಂದು ಮಾಡಿದ ಉಪಕರಣದಲ್ಲಿ ಈ ಅಡ್ಡಿಗಳಿಲ್ಲ, ದಾರಿಯಲ್ಲಿ ಏನಾದರೂ ಆದಾಗ ಕರೆ ಮಾಡಲು ಮೊಬೈಲ್‌ನ ಬ್ಯಾಟರಿಯೂ ಉಳಿದಿರುತ್ತದೆ. ಅರವತ್ತು ದಾಟಿದ ಇಬ್ಬರು ಘಟ್ಟದಲ್ಲಿ ಹೋಗುವಾಗ ಈ ಕೊನೆಯ ಕಾರಣವೊಂದೇ ಸಾಕೆಂದು ನನಗೆ ಅನ್ನಿಸುತ್ತದೆ.

ಆದರೆ ಬೆಂಗಳೂರಿನ ಒಳಗೆ ಈ ಲೆಕ್ಕ ತಿರುಗುತ್ತದೆ. ಇಲ್ಲಿ ದಾರಿ ಯಾವುದು ಎನ್ನುವುದಕ್ಕಿಂತ ಈ ಹೊತ್ತಿನಲ್ಲಿ ಯಾವ ದಾರಿ ಕಟ್ಟಿಕೊಂಡಿದೆ ಎನ್ನುವುದು ಮುಖ್ಯ. ಹೆಬ್ಬಾಳದಲ್ಲಿ ಅಥವಾ ಟಿನ್ ಫ್ಯಾಕ್ಟರಿಯ ಬಳಿ ವಾಹನಗಳು ನಿಂತಿರುವುದು ಅಂತರ್ಜಾಲದ ಸಂಪರ್ಕವಿಲ್ಲದ ನ್ಯಾವಿಗೇಟರ್‌ಗೆ ತಿಳಿಯುವುದಿಲ್ಲ. ಕೆಲವು ಮಾದರಿಗಳು ಮೊಬೈಲ್‌ಗೆ ಜೋಡಿಸಿಕೊಂಡು ಆ ಮಾಹಿತಿಯನ್ನು ಪಡೆಯುತ್ತವೆಯಾದರೂ ಆಗ ಮೊಬೈಲ್ ಬೇಕೇ ಆಯಿತು. ಆದ್ದರಿಂದ ನೆಲಮಂಗಲ ದಾಟುವವರೆಗೆ ಮೊಬೈಲ್ ನೋಡಿ, ಅಲ್ಲಿಂದ ಮುಂದೆ ನ್ಯಾವಿಗೇಟರ್‌ಗೆ ದಾರಿ ಒಪ್ಪಿಸಿ. ದಿನವೂ ಬಸವನಗುಡಿಯಿಂದ ವೈಟ್‌ಫೀಲ್ಡ್‌ಗೆ ಹೋಗಿಬರುವವರು ಇದೇ ಪ್ರಶ್ನೆ ಕೇಳಿದ್ದರೆ ಕೊಳ್ಳಬೇಡಿ ಎಂದೇ ಬರೆಯುತ್ತಿದ್ದೆ.

ಈಗ ಕಂಪನಿಯ ಪ್ರಶ್ನೆ. ಈ ಅಂಕಣದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಒಂದೇ: ಉಪಕರಣವನ್ನು ನೋಡುವ ಮೊದಲು ಅದರೊಳಗಿನ ನಕ್ಷೆಯನ್ನು ನೋಡಿ. ಉಪಗ್ರಹದ ಸಂಕೇತ ಎಲ್ಲ ಕಂಪನಿಗೂ ಒಂದೇ, ಅದನ್ನು ಹಿಡಿಯುವ ಚಿಪ್‌ಗಳಲ್ಲಿಯೂ ಈಗ ಹೇಳಿಕೊಳ್ಳುವಷ್ಟು ಅಂತರವಿಲ್ಲ. ತೆರೆದ ಆಕಾಶದ ಕೆಳಗೆ ಸಾಧಾರಣ ಉಪಕರಣವೂ ನೀವಿರುವ ಜಾಗವನ್ನು ಸುಮಾರು 5 ಮೀಟರಿನೊಳಗೆ ಗುರುತಿಸುತ್ತದೆ. ಆದರೆ ಆ ಜಾಗದಲ್ಲಿ ರಸ್ತೆ ಇದೆಯೆಂದು ಹೇಳುವುದು ನಕ್ಷೆ, ಅದು ಏಕಮುಖ ಸಂಚಾರದ ರಸ್ತೆ ಎಂದು ಹೇಳುವುದೂ ನಕ್ಷೆ. ಮೈಸೂರಿಗೆ ಹೋಗುವ ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಾದ ಕೆಲವು ದಿನಗಳಿಗೆ ನಾನು ಹಳೆಯ ನಕ್ಷೆಯಿದ್ದ ನ್ಯಾವಿಗೇಟರ್ ಇಟ್ಟುಕೊಂಡು ಆ ದಾರಿಯಲ್ಲಿ ಹೋದೆ. ಬಿಡದಿಯ ಬೈಪಾಸ್‌ಗೆ ಏರುತ್ತಿದ್ದಂತೆ ಪರದೆಯ ಮೇಲೆ ನನ್ನ ಕಾರು ಖಾಲಿ ಹೊಲದ ನಡುವೆ ಹೋಗುತ್ತಿರುವಂತೆ ಕಾಣಿಸತೊಡಗಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಕಡೆಯೂ ಹಿಂದಕ್ಕೆ ತಿರುಗಿ ಊರೊಳಗಿನ ರಸ್ತೆಗೆ ಬರುವಂತೆ ಅದು ಹೇಳುತ್ತಲೇ ಇತ್ತು. ಉಪಕರಣದಲ್ಲಿ ದೋಷವಿರಲಿಲ್ಲ, ಅದರ ನಕ್ಷೆಗೆ ವಯಸ್ಸಾಗಿತ್ತು. ದಾರಿ ಗೊತ್ತಿದ್ದ ನನಗೆ ಏನೂ ಆಗಲಿಲ್ಲ, ಆದರೆ ಅಷ್ಟು ವೇಗದ ರಸ್ತೆಯಲ್ಲಿ ಹೊಸಬರು ಆ ಮಾತು ನಂಬಿ ಗಕ್ಕನೆ ನಿಧಾನಿಸಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ದಿಗಿಲಾಗುತ್ತದೆ.

ಆದ್ದರಿಂದ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ ಅಂಗಡಿಗೆ ಹೋದಾಗ ಉಪಕರಣವನ್ನು ಚಾಲೂ ಮಾಡಿಸಿ, ನಿಮಗೆ ಅಂಗೈ ರೇಖೆಯಷ್ಟು ಪರಿಚಿತವಾದ ದಾರಿಯನ್ನು ಅದರಲ್ಲಿ ಹುಡುಕಿ. ಬಸವನಗುಡಿಯ ನಿಮ್ಮ ಅಡ್ಡರಸ್ತೆ ಅದಕ್ಕೆ ಗೊತ್ತಿದೆಯೇ? ಬೆಂಗಳೂರಿನಲ್ಲಿ ‘4ನೇ ಅಡ್ಡರಸ್ತೆ’ ಎಂದರೆ ಬಡಾವಣೆಗೊಂದು ಸಿಗುತ್ತದೆ, ಬಡಾವಣೆಯ ಒಂದೊಂದು ಬ್ಲಾಕಿಗೂ ಒಂದೊಂದು ಸಿಗುತ್ತದೆ; ಬಡಾವಣೆ ಮೊದಲು ಕೇಳಿ ಆಮೇಲೆ ರಸ್ತೆ ಕೇಳುವ ಉಪಕರಣ ಇಲ್ಲಿ ಹೆಚ್ಚು ಅನುಕೂಲ. ಬಳಿಕ ಮೈಸೂರು ಹೆದ್ದಾರಿಯ ಬೈಪಾಸ್‌ಗಳು ಕಾಣುತ್ತವೆಯೇ ನೋಡಿ. ಆಮೇಲೆ ಸಕಲೇಶಪುರದಿಂದ ನಿಮ್ಮ ಊರಿಗೆ ದಾರಿ ಕೇಳಿ. ‘ಹತ್ತಿರದ ದಾರಿ’ ಎಂಬ ಆಯ್ಕೆಯಿದ್ದರೆ ಅದು ನಿಮ್ಮನ್ನು ಬಿಸಿಲೆ ಘಟ್ಟದ ಕಿರಿದಾದ ಕಾಡುದಾರಿಗೆ ಇಳಿಸಬಹುದು. ‘ಬೇಗ ತಲುಪುವ ದಾರಿ’ ಎಂಬುದನ್ನು ಆರಿಸಿ, ಡಾಂಬರಿಲ್ಲದ ರಸ್ತೆ ಬೇಡವೆಂಬ ಆಯ್ಕೆಯನ್ನೂ ಒತ್ತಿದರೆ ಗುಂಡ್ಯದ ಮೇಲಿನ ಹೆದ್ದಾರಿಯನ್ನೇ ಹಿಡಿಸುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಮಣ್ಣು ಕುಸಿದು ಶಿರಾಡಿ ಮುಚ್ಚಿದ್ದರೆ ಮಾತ್ರ ಯಾವ ನಕ್ಷೆಯನ್ನೂ ನೆಚ್ಚಿಕೊಳ್ಳಬೇಡಿ, ಹೊರಡುವ ಮೊದಲು ಸಕಲೇಶಪುರದ ಪರಿಚಯಸ್ಥರಿಗೆ ಒಂದು ಕರೆ ಮಾಡಿ.

ನಕ್ಷೆಯನ್ನು ವರ್ಷಕ್ಕೆ ಎಷ್ಟು ಬಾರಿ ಹೊಸದು ಮಾಡುತ್ತಾರೆ, ಅದು ಉಚಿತವೇ, ಕಂಪ್ಯೂಟರ್‌ಗೆ ಜೋಡಿಸಬೇಕೇ ಅಥವಾ ವೈಫೈ ಸಾಕೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ. ಪೆಟ್ಟಿಗೆಯ ಮೇಲೆ ‘ಜೀವನಪರ್ಯಂತ ನಕ್ಷೆ ಉಚಿತ’ ಎಂದಿದ್ದರೆ ಅದು ನಿಮ್ಮ ಜೀವನವಲ್ಲ. ಕಂಪನಿ ಆ ಮಾದರಿಗೆ ನಕ್ಷೆ ಒದಗಿಸುವವರೆಗೆ ಎಂದು ಅದರ ಅರ್ಥ. ಆದಕಾರಣ ಹೊಸ ಮಾದರಿಯನ್ನೇ ಕೊಳ್ಳಿ, ವರ್ಷಗಟ್ಟಲೆ ಅಂಗಡಿಯಲ್ಲಿ ಉಳಿದ ಹಳೆಯ ಸರಕಿಗೆ ರಿಯಾಯಿತಿ ಕೊಟ್ಟರೂ ಬೇಡ. ಹೆಸರು ಬೇಕೇ ಬೇಕೆಂದರೆ, 1989ರಲ್ಲಿ ಅಮೆರಿಕದಲ್ಲಿ ಆರಂಭವಾದ ಗಾರ್ಮಿನ್ ಉಪಕರಣ ತಯಾರಿಕೆಯಲ್ಲಿ ಹಳೆಯ ಹೆಸರು. 1995ರಲ್ಲಿ ದೆಹಲಿಯಲ್ಲಿ ಆರಂಭವಾದ ಮ್ಯಾಪ್‌ಮೈಇಂಡಿಯಾ ನಮ್ಮ ದೇಶದ ನಕ್ಷೆಯನ್ನೇ ಕಸುಬಾಗಿ ಮಾಡಿಕೊಂಡದ್ದು, ಅದರ ನಕ್ಷೆ ಮ್ಯಾಪಲ್ಸ್ ಎಂಬ ಹೆಸರಿನಲ್ಲಿ ಮೊಬೈಲ್‌ನಲ್ಲಿಯೂ ಸಿಗುತ್ತದೆ. ನಕ್ಷೆಯ ಗುಣವನ್ನು ಹೀಗೆ ಖರ್ಚಿಲ್ಲದೆ ಮೊದಲೇ ಪರೀಕ್ಷಿಸಿಕೊಳ್ಳಬಹುದು.

ಇಂಚಿನ ವಿಚಾರ ಸುಲಭ. ಚಿಕ್ಕ ಕಾರಿಗೆ 5 ಇಂಚು ಸಾಕು. ಓದುವ ಕನ್ನಡಕ ಹಾಕಿಕೊಳ್ಳದೆ ನೋಡಬೇಕೆಂದರೆ 6 ಅಥವಾ 7 ಇಂಚಿನದು ಹಿತ, ಆದರೆ ಅದು ಗಾಜಿನ ಎಷ್ಟು ಭಾಗವನ್ನು ಮರೆಮಾಡುತ್ತದೆಂದು ಕಾರಿನಲ್ಲಿ ಕೂತು ನೋಡಿಯೇ ತೀರ್ಮಾನಿಸಿ. ಪರದೆಗಿಂತ ಧ್ವನಿಗೆ ಹೆಚ್ಚು ಗಮನ ಕೊಡಿ, ಏಕೆಂದರೆ ಓಡಿಸುವವರ ಕಣ್ಣು ರಸ್ತೆಯ ಮೇಲಿರಬೇಕು. ಕನ್ನಡದಲ್ಲಿ ಹೇಳುತ್ತದೆಯೇ ಎಂದು ಕೇಳಿ ಸುಮ್ಮನಾಗಬೇಡಿ, ಅಂಗಡಿಯಲ್ಲೇ ನುಡಿಸಿ ಕೇಳಿಸಿಕೊಳ್ಳಿ. ಊರಿನ ಹೆಸರುಗಳನ್ನು ಗುರುತು ಸಿಗದಂತೆ ಉಚ್ಚರಿಸುವ ಯಂತ್ರಗಳಿವೆ, ಅಂಥದನ್ನು ಆರು ಗಂಟೆ ಕೇಳಿಸಿಕೊಳ್ಳುವುದು ಸುಸ್ತಿನ ಕೆಲಸ. ಪ್ರಯಾಣ ಮುಗಿದ ಮೇಲೆ ಉಪಕರಣವನ್ನು ಕಾರಿನಲ್ಲಿ ಬಿಡದೆ ಮನೆಯೊಳಗೆ ತೆಗೆದುಕೊಂಡು ಹೋಗಿ. ಕಳ್ಳರ ಭಯ ಒಂದು ಕಡೆಯಾದರೆ, ಬಿಸಿಲಲ್ಲಿ ನಿಂತ ಕಾರಿನ ಕಾವು ಅದರ ಲಿಥಿಯಂ ಬ್ಯಾಟರಿಯ ಆಯಸ್ಸನ್ನು ತಿನ್ನುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಭಾವ ತಾವು ಹತ್ತು ವರ್ಷಕ್ಕೂ ಹಿಂದೆ ಬಳಸುತ್ತಿದ್ದ ನ್ಯಾವಿಗೇಟರನ್ನು ನಮಗೆ ತಂದುಕೊಟ್ಟಿದ್ದಾರೆ. ಇಲ್ಲಿ ಕೆಲಸ ಮಾಡುತ್ತದೆಯೇ? — ಓದುಗರು, ಮಲ್ಲೇಶ್ವರ

ಉತ್ತರ: ಉಪಗ್ರಹಗಳು ಜಗತ್ತಿಗೆಲ್ಲ ಒಂದೇ ಆದ್ದರಿಂದ ಯಂತ್ರ ಇಲ್ಲಿಯೂ ತಾನಿರುವ ಜಾಗವನ್ನು ಗುರುತಿಸುತ್ತದೆ, ಕಾರಿನ 12 ವೋಲ್ಟ್ ಸಾಕೆಟ್ಟೂ ಹೊಂದುತ್ತದೆ. ಆದರೆ ಒಳಗಿರುವುದು ಉತ್ತರ ಅಮೆರಿಕದ ನಕ್ಷೆಯಾದರೆ ಮಲ್ಲೇಶ್ವರದಲ್ಲಿ ಅದು ಖಾಲಿ ಪರದೆಯನ್ನೇ ತೋರಿಸುತ್ತದೆ. ಭಾರತದ ನಕ್ಷೆ ಆ ಮಾದರಿಗೆ ಈಗಲೂ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ತಯಾರಕರ ಗ್ರಾಹಕ ಸೇವೆಯಲ್ಲಿ ವಿಚಾರಿಸಿ.

ಅದಕ್ಕೂ ಮೊದಲು ಯಂತ್ರವನ್ನು ತಾರಸಿಯ ಮೇಲೆ ಚಾಲೂ ಮಾಡಿಟ್ಟು, ಉಪಗ್ರಹ ಸಿಕ್ಕಿದ ಬಳಿಕ ಅದು ತೋರಿಸುವ ದಿನಾಂಕವನ್ನು ನೋಡಿ. ಜಿಪಿಎಸ್ ವಾರಗಳನ್ನು ಎಣಿಸುವ ಲೆಕ್ಕ 1,024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹಾಗಾಯಿತು. ತಂತ್ರಾಂಶ ತಿದ್ದಿಕೊಳ್ಳದ ಕೆಲವು ಹಳೆಯ ಯಂತ್ರಗಳು ಆ ಬಳಿಕ ಸುಮಾರು 20 ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ. ದಿನಾಂಕ ತಪ್ಪಿದ್ದು ತಂತ್ರಾಂಶವೂ ಸಿಗದಿದ್ದರೆ ಅದಕ್ಕೆ ನಕ್ಷೆಯ ಹಣ ಹಾಕಬೇಡಿ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವಳು. ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಹೋಗುತ್ತಿದ್ದರೂ ಯಂತ್ರ ನಾನು ಕೆಳಗಿನ ರಸ್ತೆಯಲ್ಲಿದ್ದೇನೆಂದು ತಿಳಿದು ‘ಎಡಕ್ಕೆ ತಿರುಗಿ’ ಎನ್ನುತ್ತದೆ. ದುಬಾರಿ ಯಂತ್ರ ಕೊಂಡರೆ ಸರಿಹೋಗುತ್ತದೆಯೇ? — ಓದುಗರು, ಬಿಟಿಎಂ ಬಡಾವಣೆ

ಉತ್ತರ: ಸರಿಹೋಗುವ ಭರವಸೆ ಕೊಡಲಾರೆ, ಅದರ ಕಾರಣ ಬೆಲೆಯಲ್ಲಿಲ್ಲ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿನ ಅರ್ಧ ಆಕಾಶದಲ್ಲಿ ಹರಡಿರುತ್ತವೆ, ಪಾದದ ಕೆಳಗೆ ಒಂದೂ ಇರುವುದಿಲ್ಲ. ಎಡ-ಬಲ ಎರಡೂ ಕಡೆಯಿಂದ ಅಳೆದಾಗ ತಪ್ಪು ಒಂದಕ್ಕೊಂದು ಸರಿದೂಗುತ್ತದೆ, ಮೇಲಿನಿಂದ ಮಾತ್ರ ಅಳೆದಾಗ ಹಾಗಾಗುವುದಿಲ್ಲ. ಹೀಗಾಗಿ ಎತ್ತರದ ಲೆಕ್ಕ ಯಾವಾಗಲೂ ನೆಲದ ಮೇಲಿನ ಸ್ಥಾನದ ಲೆಕ್ಕಕ್ಕಿಂತ ಒರಟಾಗಿರುತ್ತದೆ. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ 2010ರಲ್ಲಿ ತೆರೆದ ಸುಮಾರು 10 ಕಿಲೋಮೀಟರಿನ ಮೇಲ್ಸೇತುವೆ ಕೆಳಗಿನ ರಸ್ತೆಯ ನೆತ್ತಿಯ ಮೇಲೆಯೇ ಸಾಗುತ್ತದೆ. ಎರಡರ ನಡುವಿನ ಎತ್ತರ ಕೆಲವೇ ಮೀಟರ್, ಆ ಅಂತರ ಯಂತ್ರದ ತಪ್ಪಿನ ಮಿತಿಯೊಳಗೇ ಬೀಳುತ್ತದೆ. ಯಾವ ರಸ್ತೆಯಲ್ಲಿದ್ದೀರೆಂದು ಅದು ಊಹಿಸುತ್ತದೆ, ಊಹೆ ಕೆಲವೊಮ್ಮೆ ತಪ್ಪುತ್ತದೆ.

ಕೆಳಗಿನ ರಸ್ತೆಯಲ್ಲಿ ಇನ್ನೊಂದು ತೊಂದರೆಯಿದೆ. ಮೇಲೆ ಕಾಂಕ್ರೀಟ್ ಚಾವಣಿ, ಅಕ್ಕಪಕ್ಕ ಎತ್ತರದ ಕಟ್ಟಡಗಳು. ಸಂಕೇತ ನೇರವಾಗಿ ಬಾರದೆ ಗಾಜಿನ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಬೆಳಕಿನ ವೇಗದಲ್ಲಿ ಸಾಗುವ ಸಂಕೇತ ಸೆಕೆಂಡಿನ ಕೋಟಿಯಲ್ಲೊಂದು ಭಾಗ ತಡವಾದರೂ ಸಾಕು, ದೂರದ ಲೆಕ್ಕದಲ್ಲಿ 30 ಮೀಟರ್ ತಪ್ಪಾಗುತ್ತದೆ. ಹಲವು ದೇಶಗಳ ಉಪಗ್ರಹಗಳನ್ನೂ ಎರಡು ತರಂಗಾಂತರಗಳನ್ನೂ ಹಿಡಿಯುವ ಹೊಸ ಉಪಕರಣಗಳಲ್ಲಿ ಈ ತಪ್ಪು ಕಡಿಮೆಯಾಗುತ್ತದೆ, ಅಳಿಯುವುದಿಲ್ಲ. ಮುಂಭಾಗದ ಗಾಜಿಗೆ ಲೋಹಾಂಶವಿರುವ ಫಿಲ್ಮ್ ಅಂಟಿಸಿದ್ದರೆ ಅದೂ ಸಂಕೇತವನ್ನು ಕುಗ್ಗಿಸುತ್ತದೆ, ಒಮ್ಮೆ ಪರಿಶೀಲಿಸಿ. ಉಳಿದಂತೆ ಏರುವುದೋ ಬಿಡುವುದೋ ಎಂಬುದನ್ನು ಹೊರಡುವ ಮುನ್ನವೇ ನಿಶ್ಚಯಿಸಿಕೊಳ್ಳಿ. ಮೇಲಿರುವಾಗ ಅದು ಏನೇ ಹೇಳಿದರೂ ಇಳಿಯುವ ಜಾಗದ ಫಲಕವನ್ನು ಮಾತ್ರ ನಂಬಿ.

ಪ್ರಶ್ನೆ: ಜಿಪಿಎಸ್‌ನಂತೆ ಜಾಗ ಗುರುತಿಸುವ ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಇರುವಾಗ ಅದನ್ನು ಹಿಡಿಯುವ ಯಂತ್ರವನ್ನೇ ಕೊಳ್ಳಬೇಕಲ್ಲವೇ? — ಪಿಯುಸಿ ವಿದ್ಯಾರ್ಥಿ, ಕೆಂಗೇರಿ

ಉತ್ತರ: ಕೆಂಗೇರಿಯಿಂದ ಈ ಪ್ರಶ್ನೆ ಬಂದದ್ದು ನನಗೆ ಸಂತೋಷ ತಂದಿತು. ನಿಮ್ಮ ಮನೆಯಿಂದ ಹೆಚ್ಚು ದೂರವಲ್ಲದ ಬ್ಯಾಲಾಳುವಿನಲ್ಲಿಯೇ ಇಸ್ರೊದ ಪಥದರ್ಶಕ ಕೇಂದ್ರವಿದೆ. ನಾವಿಕ್‌ನ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು, 2016ರ ಏಪ್ರಿಲ್‌ನಲ್ಲಿ ಏಳನೆಯದು ಹೋಯಿತು. ಭಾರತ ಮತ್ತು ಅದರ ಸುತ್ತ ಸುಮಾರು 1,500 ಕಿಲೋಮೀಟರ್ ವ್ಯಾಪ್ತಿಗೆಂದು ರೂಪಿಸಿದ ವ್ಯವಸ್ಥೆ ಇದು. ಮೊದಲ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ತರಂಗಾಂತರಗಳಲ್ಲಿ ಮಾತ್ರ ಸಂಕೇತ ಕಳುಹಿಸುತ್ತಿದ್ದವು, ಎಲ್1 ಒಂದನ್ನೇ ಕೇಳುವ ಅಗ್ಗದ ಉಪಕರಣಗಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಎಲ್1ರಲ್ಲಿಯೂ ಸಂಕೇತ ಕಳುಹಿಸುತ್ತದೆ, ನಮ್ಮಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವೂ ಅದರಲ್ಲಿದೆ. ಆದರೆ ಹಳೆಯ ಕೆಲವು ಉಪಗ್ರಹಗಳ ಗಡಿಯಾರಗಳು ಕೆಟ್ಟಿವೆ, 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತನ್ನ ಕಕ್ಷೆ ಸೇರಲಾಗಲಿಲ್ಲ. ಆದ್ದರಿಂದ ನಾವಿಕ್ ಜೊತೆಗೆ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ ಎಲ್ಲವನ್ನೂ ಹಿಡಿಯುವ ಯಂತ್ರ ಸಿಕ್ಕರೆ ಕೊಳ್ಳಿ. ನಾವಿಕ್ ಎಂಬ ಒಂದು ಪದಕ್ಕಾಗಿ ನಕ್ಷೆ ಕಳಪೆಯಾದ ಯಂತ್ರವನ್ನು ಆರಿಸಬೇಡಿ.

ಪ್ರಶ್ನೆ: ನಮ್ಮ ಟ್ಯಾಕ್ಸಿಯಲ್ಲಿ ಈಗಾಗಲೇ ಜಿಪಿಎಸ್ ಪೆಟ್ಟಿಗೆ ಕೂರಿಸಿದ್ದಾರೆ. ಅದಕ್ಕೆ ಪರದೆ ಜೋಡಿಸಿದರೆ ದಾರಿ ತೋರಿಸುತ್ತದೆಯೇ? ಗಾಜಿಗೆ ಮೊಬೈಲ್ ಸಿಕ್ಕಿಸಿದರೆ ದಂಡ ಹಾಕುತ್ತಾರೆಯೇ? — ಟ್ಯಾಕ್ಸಿ ಚಾಲಕರು, ಯಶವಂತಪುರ

ಉತ್ತರ: ತೋರಿಸುವುದಿಲ್ಲ. ನಿಮ್ಮ ವಾಹನದಲ್ಲಿರುವುದು ಎಐಎಸ್-140 ನಿಯಮದ ಟ್ರ್ಯಾಕರ್. ವಾಹನ ಎಲ್ಲಿದೆ ಎಂದು ಬೇರೆಯವರಿಗೆ ತಿಳಿಸುವುದು ಅದರ ಕೆಲಸ, ಅದರಲ್ಲಿ ಸಿಮ್ ಇರುತ್ತದೆ, ನಕ್ಷೆ ಇರುವುದಿಲ್ಲ. ಅದರ ತಂತಿಗಳಿಗೆ ಕೈಹಾಕಬೇಡಿ. ಎರಡನೆಯ ಪ್ರಶ್ನೆಗೆ ಉತ್ತರ ಇದು: 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿಯಂತೆ, ಓಡಿಸುವಾಗ ಮೊಬೈಲನ್ನು ದಾರಿ ನೋಡುವುದಕ್ಕೆ ಮಾತ್ರ, ಗಮನ ಕದಲದ ರೀತಿಯಲ್ಲಿ ಬಳಸಬಹುದು. ಹಿಡಿಕೆಯನ್ನು ಗಾಜಿನ ಬಲಗಡೆಯ ಕೆಳಮೂಲೆಯಲ್ಲಿ, ಏರ್‌ಬ್ಯಾಗ್ ಉಬ್ಬುವ ಜಾಗ ಬಿಟ್ಟು ಕೂರಿಸಿ. ವಿಳಾಸವನ್ನು ವಾಹನ ನಿಂತಿರುವಾಗಲೇ ಹಾಕಿಕೊಳ್ಳಿ.

ಪ್ರಶ್ನೆ: ಬಾಳೆಹೊನ್ನೂರಿನ ಹತ್ತಿರ ನಮ್ಮ ತೋಟದ ಮನೆಯಿದೆ. ಅದಕ್ಕೆ ರಸ್ತೆಯ ಹೆಸರೂ ಇಲ್ಲ, ಮನೆಯ ಸಂಖ್ಯೆಯೂ ಇಲ್ಲ. ಮದುವೆಗೆ ಬರುವ ಬೆಂಗಳೂರಿನ ನೆಂಟರಿಗೆ ದಾರಿ ಹೇಳುವುದು ಹೇಗೆ? — ಗೃಹಿಣಿ, ವಿಜಯನಗರ

ಉತ್ತರ: ಅಂಥ ಮನೆಗೆ ಅಕ್ಷಾಂಶ, ರೇಖಾಂಶಗಳೇ ವಿಳಾಸ. ತೋಟದ ಅಂಗಳದಲ್ಲಿ ನಿಂತು ಮೊಬೈಲ್‌ನ ನಕ್ಷೆಯಲ್ಲಿ ನೀವಿರುವ ಬಿಂದುವನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಬರುತ್ತವೆ. ಅವನ್ನು ದಶಮಾಂಶದ ಬಳಿಕ ಐದು ಅಂಕಿಗಳವರೆಗೆ ಬರೆದುಕೊಳ್ಳಿ. ಐದನೆಯ ಅಂಕಿ ಸುಮಾರು 1 ಮೀಟರನ್ನು ಸೂಚಿಸುತ್ತದೆ, ಅದಕ್ಕಿಂತ ಹೆಚ್ಚು ಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಮೊಬೈಲ್ ಸಾಮಾನ್ಯವಾಗಿ ದಶಮಾಂಶದಲ್ಲಿ ಸಂಖ್ಯೆ ಕೊಡುತ್ತದೆ, ಕೆಲವು ನ್ಯಾವಿಗೇಟರ್‌ಗಳು ಡಿಗ್ರಿ ಮತ್ತು ನಿಮಿಷಗಳಲ್ಲಿ ಕೇಳುತ್ತವೆ. 13.35 ಎಂದರೆ 13 ಡಿಗ್ರಿ 21 ನಿಮಿಷ. ಅದನ್ನು 13 ಡಿಗ್ರಿ 35 ನಿಮಿಷ ಎಂದು ತುಂಬಿಬಿಟ್ಟರೆ 14 ನಿಮಿಷ ಹೆಚ್ಚಾಯಿತು. ಅಕ್ಷಾಂಶದ ಒಂದು ನಿಮಿಷ ಸುಮಾರು 1.85 ಕಿಲೋಮೀಟರ್ ಆದ್ದರಿಂದ ನೆಂಟರು ನಿಮ್ಮ ಮನೆಯಿಂದ ಸುಮಾರು 26 ಕಿಲೋಮೀಟರ್ ಉತ್ತರದಲ್ಲಿ ಯಾರದೋ ತೋಟದ ಬೇಲಿಯ ಮುಂದೆ ನಿಲ್ಲುತ್ತಾರೆ. ಹಾಗಾಗಿ ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ದಶಮಾಂಶ ಡಿಗ್ರಿಯನ್ನು ಆರಿಸಿಕೊಂಡೇ ಸಂಖ್ಯೆ ಹಾಕುವಂತೆ ಹೇಳಿ. ಮನೆಯ ಬಿಂದುವಿನ ಜೊತೆಗೆ, ಡಾಂಬರು ರಸ್ತೆಯಿಂದ ತೋಟದ ದಾರಿ ಕವಲೊಡೆಯುವ ಜಾಗದ ಸಂಖ್ಯೆಯನ್ನೂ ಕೊಡಿ, ಏಕೆಂದರೆ ಖಾಸಗಿ ತೋಟದ ದಾರಿ ನಕ್ಷೆಯಲ್ಲಿ ಇಲ್ಲದಿದ್ದರೆ ಯಂತ್ರ ಹಿಂಬದಿಯ ಬೇರೊಂದು ರಸ್ತೆಗೆ ಕರೆದೊಯ್ದು ‘ತಲುಪಿದ್ದೀರಿ’ ಎಂದುಬಿಡುತ್ತದೆ. ಆ ಕವಲಿನಲ್ಲಿ ಒಂದು ಬೋರ್ಡ್ ನೆಡಿಸಿ, ಕತ್ತಲಾದ ಮೇಲೆ ಬರುವವರಿದ್ದರೆ ಒಂದು ದೀಪವನ್ನೂ ಹಾಕಿಸಿ.

ನೆಂಟರು ಹೊಸದಾಗಿ ಕೊಂಡ ಅಥವಾ ಬಹಳ ದಿನ ಆರಿಸಿಟ್ಟ ನ್ಯಾವಿಗೇಟರ್ ತರುವುದಾದರೆ ಹೊರಡುವ ಹಿಂದಿನ ದಿನವೇ ಅದನ್ನು ತೆರೆದ ಜಾಗದಲ್ಲಿ ಕಾಲು ಗಂಟೆ ಚಾಲೂ ಇಡಲಿ. ಮೊಬೈಲ್ ಉಪಗ್ರಹಗಳ ವೇಳಾಪಟ್ಟಿಯನ್ನು ಅಂತರ್ಜಾಲದಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ, ಸಿಮ್ ಇಲ್ಲದ ಯಂತ್ರ ಅದನ್ನು ಉಪಗ್ರಹದಿಂದಲೇ ಕೇಳಿ ಬರೆದುಕೊಳ್ಳಬೇಕು, ಪೂರ್ತಿ ಪಟ್ಟಿ ಬರಲು 12.5 ನಿಮಿಷ ಬೇಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತು ಯಂತ್ರ ಕೆಟ್ಟಿದೆಯೆಂದು ಅವರು ತೀರ್ಮಾನಿಸುವುದು ಬೇಡ.